ಹಳೇ ಲೆನ್ಸಿಗೆ ಹೊಸ ಕ್ಯಾಮೆರಾ ಒಗ್ಗುವುದು ಹೇಗೆ?

ತೊಂಬತ್ತರ ದಶಕದ ಸಿಗ್ಮಾ ಆಟೋಫೋಕಸ್ ಲೆನ್ಸನ್ನು ಕ್ಯಾನನ್‌ನ ಡಿಜಿಟಲ್ ಎಸ್‌ಎಲ್‌ಆರ್‌ಗೆ ಹಾಕಿದ ಅನೇಕರು ಒಂದೇ ತೊಂದರೆ ಕಂಡಿದ್ದಾರೆ. ಲೆನ್ಸು ಸಲೀಸಾಗಿ ಕೂರುತ್ತದೆ, ಫೋಕಸ್ಸೂ ಆಗುತ್ತದೆ. ಅಪರ್ಚರ್ ಪೂರ್ತಿ ತೆರೆದಿದ್ದರೆ ಚಿತ್ರವೂ ಬರುತ್ತದೆ. ಎಫ್/8ಕ್ಕೆ ಇಳಿಸಿ ಬಟನ್ ಒತ್ತಿದರೆ ಮಾತ್ರ ಕ್ಯಾಮೆರಾ ತಡೆದು ನಿಂತು ‘ಎರರ್ 99’ ಎನ್ನುತ್ತದೆ.

ಗಾಜಿನಲ್ಲಿ ದೋಷವಿಲ್ಲ. ಕ್ಯಾನನ್ 1987ರಲ್ಲಿ ತಂದ ಇಎಫ್ ಮೌಂಟ್‌ನಲ್ಲಿ ಬಾಡಿಗೂ ಲೆನ್ಸಿಗೂ ನಡುವಿನ ಎಲ್ಲ ವ್ಯವಹಾರ ವಿದ್ಯುತ್ ಸಂಕೇತಗಳಲ್ಲೇ ನಡೆಯುತ್ತದೆ. ಸಿಗ್ಮಾ ಈ ಸಂಕೇತಗಳನ್ನು ತಾನೇ ಪರೀಕ್ಷಿಸಿ, ಅರ್ಥ ಮಾಡಿಕೊಂಡು ಲೆನ್ಸ್ ತಯಾರಿಸಿತು. ಮುಂದೆ ಬಂದ ಬಾಡಿಗಳು ಆಜ್ಞೆ ಕೊಡುವ ರೀತಿ ಬದಲಾದಾಗ ಹಳೇ ಚಿಪ್‌ಗೆ ಅದು ತಿಳಿಯದೇ ಹೋಯಿತು. ಕೆಲವು ಮಾಡೆಲ್‌ಗಳಿಗೆ ಸಿಗ್ಮಾ ಚಿಪ್ ಬದಲಿಸಿಕೊಟ್ಟಿತು, ಉಳಿದವುಗಳಿಗೆ ಆ ಭಾಗ್ಯ ಸಿಗಲಿಲ್ಲ. ಅದರ ಈಚಿನ ಹಲವು ಲೆನ್ಸುಗಳ ಫರ್ಮ್‌ವೇರನ್ನಾದರೆ ಯುಎಸ್‌ಬಿ ಡಾಕ್ ಮೂಲಕ ಮನೆಯಲ್ಲೇ ನವೀಕರಿಸಬಹುದು.

ಚಿಪ್ಪೇ ಇಲ್ಲದ ಲೆನ್ಸಿಗೆ ಈ ತಾಪತ್ರಯವಿಲ್ಲ. ಟ್ಯಾಮ್ರಾನ್ 1979ರಲ್ಲಿ ಹೊರತಂದ ಎಸ್‌ಪಿ 90 ಎಂಎಂ ಎಫ್/2.5 ಮ್ಯಾಕ್ರೋ ಲೆನ್ಸನ್ನೇ ನೋಡಿ. ಇದರಲ್ಲಿ ಮೌಂಟ್ ಎಂಬುದು ಬಿಚ್ಚಿ ತೆಗೆಯಬಹುದಾದ ಬೇರೆಯದೇ ಉಂಗುರ. ‘ಅಡಾಪ್ಟಾಲ್-2’ ಎಂಬ ಈ ಏರ್ಪಾಡಿನಿಂದಾಗಿ ಅದೇ ಲೆನ್ಸು ಉಂಗುರ ಬದಲಿಸಿದರೆ ನಿಕಾನ್‌ಗೂ ಆಗುತ್ತಿತ್ತು, ಪೆಂಟಾಕ್ಸ್, ಮಿನೋಲ್ಟಾ, ಒಲಿಂಪಸ್‌ಗಳಿಗೂ ಆಗುತ್ತಿತ್ತು. ಅಪರ್ಚರ್ ಮತ್ತು ಫೋಕಸ್ ಎರಡನ್ನೂ ಕೈಯಿಂದಲೇ ತಿರುಗಿಸಬೇಕಾದ್ದರಿಂದ ಇಂದಿನ ಮಿರರ್‌ಲೆಸ್ ಕ್ಯಾಮೆರಾದ ಮೇಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಮಿರರ್‌ಲೆಸ್ ಕ್ಯಾಮೆರಾಗಳು ಹಳೇ ಲೆನ್ಸುಗಳಿಗೆ ಇಷ್ಟು ಅನುಕೂಲವಾಗಲು ಕಾರಣ ಅಳತೆಯಲ್ಲಿದೆ. ಮೌಂಟ್‌ನಿಂದ ಸೆನ್ಸರ್‌ವರೆಗಿನ ದೂರ ನಿಕಾನ್ ಎಫ್‌ನಲ್ಲಿ 46.5 ಮಿಲಿಮೀಟರ್. ನಡುವೆ ಕನ್ನಡಿ ಏರಿಳಿಯಲು ಅಷ್ಟು ಜಾಗ ಬೇಕೇ ಬೇಕು. ಕನ್ನಡಿ ಹೋದ ಮೇಲೆ ಸೋನಿ ಇ ಮೌಂಟ್‌ನಲ್ಲಿ ಅದು 18ಕ್ಕೆ, ನಿಕಾನ್ ಝಡ್‌ನಲ್ಲಿ 16ಕ್ಕೆ ಇಳಿಯಿತು. ಉಳಿದ 28.5 ಮಿಲಿಮೀಟರ್ ತುಂಬಲು ಸೋನಿಗೆ ಒಂದು ಟೊಳ್ಳು ಲೋಹದ ಅಡಾಪ್ಟರ್ ಸಾಕು, ಒಳಗೆ ಗಾಜು ಬೇಡ. ಕ್ಯಾನನ್‌ನ ಹಳೇ ಎಫ್‌ಡಿ ಲೆನ್ಸನ್ನು ಇಎಫ್ ಬಾಡಿಗೆ ಹಾಕುವಾಗ ಪರಿಸ್ಥಿತಿ ತಿರುಗಾಮುರುಗಾ. 42 ಮಿಲಿಮೀಟರ್ ದೂರಕ್ಕೆಂದು ಮಾಡಿದ್ದನ್ನು 44ರಲ್ಲಿ ಕೂರಿಸಬೇಕು. ಗಾಜಿರುವ ಅಡಾಪ್ಟರ್ ಇಲ್ಲದಿದ್ದರೆ ದೂರದ ಬೆಟ್ಟ ಎಂದೂ ಸ್ಪಷ್ಟವಾಗುವುದಿಲ್ಲ.

ನಿಕಾನ್ ಬಳಕೆದಾರರು ಇನ್ನೊಂದು ವಿಷಯ ಗಮನಿಸಬೇಕು. ಟೋಕಿನಾ, ಟ್ಯಾಮ್ರಾನ್‌ಗಳ ಅನೇಕ ಹಳೇ ಆಟೋಫೋಕಸ್ ಲೆನ್ಸುಗಳಲ್ಲಿ ಮೋಟಾರ್ ಇರಲಿಲ್ಲ, ಬಾಡಿಯೊಳಗಿನ ಮೋಟಾರೇ ಅವನ್ನು ತಿರುಗಿಸುತ್ತಿತ್ತು. ಡಿ40ಯಂಥ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ, ಎಫ್ ಲೆನ್ಸನ್ನು ಝಡ್ ಬಾಡಿಗೆ ಕೂರಿಸುವ 2018ರ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಇಲ್ಲ. ಅಲ್ಲೆಲ್ಲ ಫೋಕಸ್ ಕೈಯಿಂದಲೇ ಮಾಡಬೇಕು.

ಕೈ ಫೋಕಸ್ ಈಗ ಮೊದಲಿನಷ್ಟು ಕಷ್ಟವಲ್ಲ. ಫೋಕಸ್ ಪೀಕಿಂಗ್ ಆನ್ ಮಾಡಿದರೆ ಸ್ಪಷ್ಟವಾದ ಅಂಚುಗಳು ಬಣ್ಣದಲ್ಲಿ ಕಾಣುತ್ತವೆ. ಚಿತ್ರವನ್ನು ಪರದೆಯಲ್ಲೇ ಹಿಗ್ಗಿಸಿಯೂ ನೋಡಬಹುದು. ಚಿಪ್ ಇಲ್ಲದ ಲೆನ್ಸು ಹಾಕುವ ಮುನ್ನ ಮೆನುವಿನಲ್ಲಿ, ಲೆನ್ಸ್ ಇಲ್ಲದಿದ್ದರೂ ಶಟರ್ ತೆರೆಯುವ ಆಯ್ಕೆಯನ್ನು ಒಪ್ಪಬೇಕು. ಬಾಡಿಯಲ್ಲೇ ಅಲುಗಾಟ ತಡೆಯುವ ವ್ಯವಸ್ಥೆಯಿದ್ದರೆ ಲೆನ್ಸಿನ ಫೋಕಲ್ ಲೆಂಗ್ತನ್ನು (ಮೇಲೆ ಹೇಳಿದ ಟ್ಯಾಮ್ರಾನ್‌ಗಾದರೆ 90 ಎಂದು) ನಾವೇ ತುಂಬಬೇಕು.

ಹಳೇ ಲೆನ್ಸಿನ ಮಿತಿಯೂ ತಿಳಿದಿರಲಿ. ಡಿಜಿಟಲ್ ಸೆನ್ಸರ್‌ನ ಮುಖ ಫಿಲ್ಮಿಗಿಂತ ಹೆಚ್ಚು ಹೊಳೆಯುತ್ತದೆ. ಅಲ್ಲಿಂದ ಹಿಮ್ಮರಳಿದ ಬೆಳಕು ಲೆನ್ಸಿನ ಹಿಂಬದಿಗೆ ತಾಗಿದರೆ, ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರ ಪೇಲವವಾಗಬಹುದು. ಹುಡ್ ಹಾಕಿ ಕೋನ ತುಸು ಬದಲಿಸಿದರೆ ಬಹಳಷ್ಟು ಸರಿಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಲೆನ್ಸು ಕೊಳ್ಳುವಾಗ ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿ. ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಅಪರ್ಚರ್ ಉಂಗುರ ತಿರುಗಿಸಿದಾಗ ಬ್ಲೇಡುಗಳು ಪಟ್ಟನೆ ಮುಚ್ಚಿ ತೆರೆಯಬೇಕು. ಎಣ್ಣೆ ಜಿನುಗಿದ್ದರೆ ಅಂಟಿಕೊಳ್ಳುತ್ತವೆ. ಕೊಂಡ ಮೇಲೆ, ಅದರಲ್ಲೂ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ, ಚರ್ಮದ ಚೀಲದಲ್ಲಿಟ್ಟು ಮರೆಯಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಆಗಾಗ ಹೊರತೆಗೆದು ಬಳಸಿ.