ಅಂಧ ಮತದಾರರ ಜೊತೆಗೆ ಯಾರು ಹೋಗಬಹುದು?

ಪುಣೆಯಲ್ಲಿ 2024ರಲ್ಲಿ ಎರಡು ಬಾರಿ ಮತದಾನ ನಡೆಯಿತು: ಮೇ 13ರಂದು ಲೋಕಸಭೆಗೆ, ನವೆಂಬರ್ 20ರಂದು ವಿಧಾನಸಭೆಗೆ. ಕೆಲಸಕ್ಕೆಂದು ಕರ್ನಾಟಕದಿಂದ ಬಂದು ಅಲ್ಲೇ ನೆಲೆಸಿದವರು ನಮೂನೆ 8 ತುಂಬಿ ಹೆಸರನ್ನು ಪುಣೆಯ ಪಟ್ಟಿಗೆ ವರ್ಗಾಯಿಸಿಕೊಳ್ಳಬಹುದು. ಅಂಗವೈಕಲ್ಯವಿದ್ದರೆ ಅದನ್ನೂ ಇದೇ ನಮೂನೆಯಲ್ಲಿ ದಾಖಲಿಸಬಹುದು.

ಅಂಧ ಮತದಾರರಿಗಾಗಿ ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿರುತ್ತವೆ. ಮತಗಟ್ಟೆಯಲ್ಲಿ ಬ್ರೈಲ್ ಮಾದರಿ ಮತಪತ್ರವನ್ನು ಕೇಳಿ ಪಡೆದು, ಅಭ್ಯರ್ಥಿಯ ಕ್ರಮಸಂಖ್ಯೆಯನ್ನು ಬೆರಳಿನಿಂದ ಓದಿಕೊಂಡರೆ ಯಾರ ನೆರವೂ ಇಲ್ಲದೆ ಮತ ಹಾಕಬಹುದು. ಇದು ಬಹಳ ದೊಡ್ಡ ಹಕ್ಕು. ಇಂಥ ಮತಪತ್ರ ಇರುವುದು ಗೊತ್ತಿಲ್ಲದೆ ಎಷ್ಟೋ ಮಂದಿ ಕೇಳುವುದೇ ಇಲ್ಲ. ನೆರವು ಬೇಕೆನಿಸಿದರೆ 18 ವರ್ಷ ತುಂಬಿದ ಜೊತೆಗಾರರನ್ನು ಒಳಗೆ ಕರೆದೊಯ್ಯಬಹುದು. ಆದರೆ ಒಬ್ಬರು ಒಂದು ದಿನ ಒಬ್ಬರಿಗೆ ಮಾತ್ರ ಜೊತೆಗಾರರಾಗಬಹುದು. ಮತದ ಗುಟ್ಟು ಕಾಯುತ್ತೇನೆಂದು ಅವರು ಬರೆದುಕೊಡಬೇಕು.

ಶೇ 40 ಅಥವಾ ಹೆಚ್ಚು ಅಂಗವೈಕಲ್ಯವಿರುವವರು ಮತ್ತು 85 ದಾಟಿದವರು ಮನೆಯಿಂದಲೇ ಮತ ಹಾಕಬಹುದು. ಚುನಾವಣಾ ಅಧಿಸೂಚನೆ ಹೊರಬಿದ್ದ ಐದು ದಿನಗಳೊಳಗೆ ನಮೂನೆ 12ಡಿ ಸಲ್ಲಿಸಬೇಕು; ಈ ಗಡುವು ತಪ್ಪಿಸಿಕೊಳ್ಳಬೇಡಿ. ಗಾಲಿಕುರ್ಚಿ ಬೇಕಿದ್ದರೆ ‘ಸಕ್ಷಮ್’ ಆ್ಯಪ್‌ನಲ್ಲಿ ಕೋರಿಕೆ ಸಲ್ಲಿಸಬಹುದು. ಮಾಹಿತಿಗೆ 1950ಕ್ಕೆ ಕರೆ ಮಾಡಿ.

ಪುಣೆಯಲ್ಲೂ ಬೆರಳಿಗೆ ಹಚ್ಚುವುದು ಮೈಸೂರಿನ ಶಾಯಿಯನ್ನೇ. ಎಡಗೈಯ ತೋರುಬೆರಳಿಲ್ಲದಿದ್ದರೆ ಆ ಕೈಯ ಬೇರೆ ಬೆರಳಿಗೆ, ಅದೂ ಇಲ್ಲದಿದ್ದರೆ ಬಲಗೈ ಬೆರಳಿಗೆ, ಎರಡೂ ಕೈಗಳಲ್ಲಿ ಬೆರಳೇ ಇಲ್ಲದಿದ್ದರೆ ತೋಳಿನ ತುದಿಗೆ ಹಚ್ಚಬೇಕೆಂದು ನಿಯಮದಲ್ಲೇ ಬರೆದಿದೆ.