ಆಟದಲ್ಲಿ ಕೊಡಲಿಗಾರ, ಶ್ರೀರಂಗಪಟ್ಟಣದಲ್ಲಿ ರಾಕೆಟ್‌ಗಾರ

ಸೊಂಟಕ್ಕೆ ಬಿಳಿ ಬಟ್ಟೆ, ಕೈಯಲ್ಲಿ ಕೊಡಲಿ. ಪ್ರಾಚೀನ ಈಜಿಪ್ಟಿನ ಈ ಕಾಲಾಳು ಇಂದಿನ ಅನೇಕ ಮಕ್ಕಳಿಗೆ ಪರಿಚಯವಾಗಿರುವುದು ಪಠ್ಯಪುಸ್ತಕದಿಂದಲ್ಲ, ಕಂಪ್ಯೂಟರ್ ಆಟದಿಂದ. 2002ರಲ್ಲಿ ಬಂದ ‘ಏಜ್ ಆಫ್ ಮಿಥಾಲಜಿ’ ಎಂಬ ಯುದ್ಧತಂತ್ರದ ಆಟದಲ್ಲಿ ಈಜಿಪ್ಟಿನ ಕಡೆ ಮೂರು ಬಗೆಯ ಪದಾತಿಗಳಿದ್ದಾರೆ. ಭರ್ಜಿಯವನು ಕುದುರೆ ಸವಾರನನ್ನು ತಡೆಯುತ್ತಾನೆ. ಕವಣೆಯವನು ಬಿಲ್ಲುಗಾರನನ್ನು ಹೊಡೆಯುತ್ತಾನೆ. ಕೊಡಲಿಯವನು ಎದುರಾಳಿಯ ಕಾಲಾಳುಗಳಿಗೆ ಯಮ. ಕೂಡಿಟ್ಟ ಸಂಪತ್ತನ್ನು ಖರ್ಚು ಮಾಡಿದಷ್ಟೂ ಇವರ ಬಲ ಹೆಚ್ಚುತ್ತದೆ. ಯಾರ ಮೇಲೆ ಯಾರನ್ನು ಬಿಡಬೇಕು ಎಂಬುದೇ ಆಟದ ಮರ್ಮ.

ಈ ಲೆಕ್ಕಾಚಾರ ನಮಗೇನೂ ಹೊಸದಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ಚತುರಂಗ ಬಲವನ್ನೇ ಮಣೆಯ ಮೇಲಿಟ್ಟು ಆಡಿದವರು ನಮ್ಮ ಹಿರಿಯರು. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿರುವ 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯದ ತಳಭಾಗವನ್ನು ನೋಡಿ. ಕೆಳಗೆ ಸಾಲು ಆನೆಗಳು, ಅದರ ಮೇಲೆ ಕುದುರೆ ಸವಾರರು. ಹೊಯ್ಸಳರ ಶಿಲ್ಪಿಗಳು ಸೈನ್ಯವನ್ನು ಕಲ್ಲಿನಲ್ಲೇ ಸಾಲುಗಟ್ಟಿಸಿದ್ದಾರೆ!

ರಾಕೆಟ್ ಯಾರದು?

ಆಟಗಳಲ್ಲಿ ಪ್ರತಿ ನಾಡಿಗೂ ಒಂದೊಂದು ವಿಶೇಷ ಪಡೆ ಇರುವುದುಂಟು. 2005ರ ‘ಏಜ್ ಆಫ್ ಎಂಪೈರ್ಸ್’ ಮೂರನೇ ಆವೃತ್ತಿಯಲ್ಲಿ ಬ್ರಿಟಿಷರ ಪಾಲಿಗೆ ಬಂದದ್ದು ರಾಕೆಟ್. ಆದರೆ ಅದರ ಬೇರು ಇರುವುದು ಮೈಸೂರು ಸಂಸ್ಥಾನದಲ್ಲಿ.

ಬಾಣಬಿರುಸಿನ ಕೊಳವೆಯನ್ನು ಕಾಗದದಿಂದಲೋ ಬಿದಿರಿನಿಂದಲೋ ಮಾಡಿದರೆ ಹೆಚ್ಚು ಒತ್ತಡಕ್ಕೆ ಅದು ಒಡೆದುಹೋಗುತ್ತದೆ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರು ರಾಕೆಟ್ಟಿನ ಕೊಳವೆ ಕಬ್ಬಿಣದ್ದು. ಹೀಗಾಗಿ ಮದ್ದನ್ನು ಬಿಗಿಯಾಗಿ ತುಂಬಬಹುದಿತ್ತು, ರಾಕೆಟ್ ಹೆಚ್ಚು ದೂರ ಹಾರುತ್ತಿತ್ತು. ದಿಕ್ಕು ತಪ್ಪದಿರಲೆಂದು ಕೊಳವೆಗೆ ಉದ್ದನೆಯ ಬಿದಿರು ಗಳುವನ್ನು ಕಟ್ಟುತ್ತಿದ್ದರು. ಇವನ್ನು ಹಾರಿಸಲೆಂದೇ ತರಬೇತಾದ ಕಾಲಾಳುಗಳ ಪ್ರತ್ಯೇಕ ದಳಗಳಿದ್ದವು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಮಣ್ಣುಮುಕ್ಕಿತು. ಅದರ ಮದ್ದಿನ ಬಂಡಿಗಳು ಸಿಡಿದ ದೃಶ್ಯವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಇಂದಿಗೂ ಕಾಣಬಹುದು. 1799ರ ಏಪ್ರಿಲ್‌ನಲ್ಲಿ ಕೋಟೆಯ ಸಮೀಪದ ಸುಲ್ತಾನಪೇಟೆ ತೋಪಿನಲ್ಲಿ ರಾತ್ರಿ ರಾಕೆಟ್ ಮತ್ತು ಗುಂಡಿನ ಸುರಿಮಳೆಗೆ ಸಿಕ್ಕಿ ಹಿಂದೆಗೆದವನು ಬೇರಾರೂ ಅಲ್ಲ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ!

ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳ ಜಾಡಿನಲ್ಲೇ ಹೊಸ ರಾಕೆಟ್‌ಗಳನ್ನು ರೂಪಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಅವು ಬೆಂಕಿ ಸುರಿಸಿದವು. ಆಟದಲ್ಲಿ ಬ್ರಿಟಿಷರಿಗೆ ದಕ್ಕಿರುವುದು ಈ ರಾಕೆಟ್. ಮೂಲದ ಕೊಳವೆಗಳು ನಮ್ಮಲ್ಲೂ ಉಳಿದಿವೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ದೊರೆತವು.

ಎತ್ತು ಬಿದ್ದರೆ ಯುದ್ಧ ನಿಂತಿತು

ಇಂಥ ಆಯುಧವಿದ್ದೂ ಮೈಸೂರು ಸೋತದ್ದೇಕೆ? ಮಕ್ಕಳು ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರದ ಒಂದು ಎಳೆ ಇದೇ ಸೀಮೆಯಲ್ಲಿ ಸಿಗುತ್ತದೆ.

1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಶ್ರೀರಂಗಪಟ್ಟಣ ಕೂಗಳತೆಯಲ್ಲಿತ್ತು. ಆದರೆ ಮಳೆ ಹಿಡಿಯಿತು, ಮೇವು ಸಿಗಲಿಲ್ಲ, ರೋಗ ತಗುಲಿ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ಮೇಲೆ ಭಾರಿ ಫಿರಂಗಿಗಳಿಂದ ಏನು ಪ್ರಯೋಜನ? ಅವನ್ನು ತನ್ನ ಕೈಯಾರೆ ನಾಶಮಾಡಿ, ಗೆದ್ದ ಸೇನಾಪತಿ ಬರಿಗೈಯಲ್ಲಿ ಹಿಂದಿರುಗಿದ. ದಾರಿಯಲ್ಲಿ ಮೇಲುಕೋಟೆಯ ಬಳಿ ಮಿತ್ರಪಕ್ಷದ ಮರಾಠಾ ಸೈನ್ಯ ಎದುರಾಗದಿದ್ದರೆ ಅವನ ಪಡೆಯ ಹೊಟ್ಟೆಪಾಡು ಕಷ್ಟವಿತ್ತು. ಮರಾಠರ ಪಾಳೆಯದ ಬಜಾರಿನಲ್ಲಿ ದುಬಾರಿಯಾದರೂ ಧಾನ್ಯವಿತ್ತು.

1792ರ ಫೆಬ್ರುವರಿಯಲ್ಲಿ ಅವನು ಸಾಕಷ್ಟು ದವಸ, ಎತ್ತುಗಳೊಂದಿಗೆ ಮತ್ತೆ ಬಂದು ಫ್ರೆಂಚ್ ರಾಕ್ಸ್ ಬಳಿ ಬೀಡುಬಿಟ್ಟ. ಅದೇ ಇಂದಿನ ಪಾಂಡವಪುರ. ಟಿಪ್ಪುವಿನ ಕಡೆಯ ಫ್ರೆಂಚರು ಅಲ್ಲಿ ನೆಲೆಸಿದ್ದರಿಂದ ಆ ಹೆಸರು. ಈ ಸಲ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ರಾಕೆಟ್ ಮೊದಲಿನಂತೆಯೇ ಇತ್ತು. ಬದಲಾದದ್ದು ಎದುರಾಳಿಯ ಬೆನ್ನ ಹಿಂದಿನ ದವಸ, ಎತ್ತು, ಹಣ, ಮಿತ್ರರು.

ಈ ಯುದ್ಧದ ಕಂದಾಯ ತೆತ್ತವರು ಸೈನಿಕರು ಮಾತ್ರವಲ್ಲ. ಕೋಟೆ ಕಟ್ಟಿಕೊಂಡು ಬಾಳಿದ್ದ ನಾಗಮಂಗಲವನ್ನು ಮರಾಠಾ ಸೈನ್ಯ ಹಾಳುಗೆಡವಿದ್ದು ಆಗಲೇ. ಆಟ ಮುಗಿದಾಗ ಎಷ್ಟು ಸೈನಿಕರು ಉಳಿದರು ಎಂಬ ಅಂಕಪಟ್ಟಿ ಪರದೆಯ ಮೇಲೆ ಮೂಡುತ್ತದೆ. ಬೆಳೆ ಕಳೆದುಕೊಂಡ ಒಕ್ಕಲಿನ ಲೆಕ್ಕ ಅದರಲ್ಲಿಲ್ಲ.

ಹಾಗೆಂದು ಮಕ್ಕಳ ಆಟವನ್ನು ಕಸಿದುಕೊಳ್ಳಬೇಕಾಗಿಲ್ಲ. ಕೊಡಲಿಗಾರನನ್ನು ಯಾವಾಗ ಮುಂದೆ ಬಿಡಬೇಕೆಂದು ಬಲ್ಲ ಹುಡುಗಿಗೆ, ಅವನಿಗೆ ಅನ್ನ ಹಾಕಿದವರು ಯಾರು ಎಂದು ಕೇಳುವುದೇನೂ ಕಷ್ಟವಲ್ಲ. ತಂದೆತಾಯಂದಿರು ಒಂದು ಭಾನುವಾರ ಬಿಡುವು ಮಾಡಿಕೊಂಡು ದರಿಯಾ ದೌಲತ್‌ನ ಗೋಡೆಚಿತ್ರವನ್ನು ತೋರಿಸಲಿ. ಅಲ್ಲಿನ ಆನೆ, ಕುದುರೆ, ಕಾಲಾಳುಗಳನ್ನು ಮಕ್ಕಳು ತಾವಾಗಿಯೇ ಗುರುತಿಸುತ್ತಾರೆ. ಚಿತ್ರದಲ್ಲಿ ಯಾರು ಯಾರು ಇಲ್ಲ ಎಂದು ಕೇಳಿ ನೋಡಿ. ಇತಿಹಾಸದ ಪಾಠ ಅಲ್ಲಿಂದ ಶುರುವಾಗುತ್ತದೆ.