ನೆಲಕ್ಕೂ ಸೈ, ನೀರಿಗೂ ಸೈ… ಆದರೆ ಬಿರಡೆ ಎಲ್ಲಿ?

ಕೆಸರು ಕಂಡರೆ ನಾವು ಹೆಂಗಸರು ಏನು ಮಾಡುತ್ತೇವೆ? ಸೀರೆಯ ನೆರಿಗೆ ಎತ್ತಿ ಹಿಡಿದು, ಚಪ್ಪಲಿ ಕೈಗೆ ತೆಗೆದುಕೊಂಡು, ಒಣಗಿದ ಅಂಚು ಹುಡುಕಿ ಹೆಜ್ಜೆ ಇಡುತ್ತೇವೆ. ಬೇಕೆಂದೇ ಕೆಸರಿಗೆ ಇಳಿಯುವವರನ್ನು ಕಂಡರೆ ‘ಇವರಿಗೇನು ಬಂತು ಗ್ರಹಚಾರ!’ ಅಂತ ಬೈದುಕೊಳ್ಳುತ್ತೇವೆ. ಬಟ್ಟೆ ಒಗೆಯುವವರು ನಾವು ತಾನೇ? ಹೀಗೆಲ್ಲ ಅಂದುಕೊಂಡಿದ್ದ ನಾನೇ ಕಳೆದ ಮಳೆಗಾಲದ ಒಂದು ಭಾನುವಾರ ಮೊಣಕಾಲವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ನಿಂತಿದ್ದೆ ಎಂದರೆ ನೀವು ನಂಬಬೇಕು!

ನಮ್ಮ ಮೈದುನನ ತೋಟ ಇರುವುದು ಆನೇಕಲ್ಲಿನಿಂದ ತಳಿ ಕಡೆಗೆ ಹೋಗುವ ರಸ್ತೆಯಲ್ಲಿ. ಆನೇಕಲ್ಲು ನಿಮಗೆ ಗೊತ್ತಿರಬೇಕು. ರೇಷ್ಮೆ ಸೀರೆ ನೇಯುವ ಊರು. ಆನೆಕಲ್ಲು ಅಂದರೆ ಆಲಿಕಲ್ಲು ಅಂತಲೂ ಅರ್ಥ, ಹೆಸರಿನಲ್ಲೇ ಮಳೆ ಇಟ್ಟುಕೊಂಡಿದೆ. ಸುತ್ತ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳು ಎಷ್ಟೇ ಬೆಳೆದರೂ, ನಾಲ್ಕು ಮಳೆ ಬಿದ್ದರೆ ತೋಟದ ದಾರಿ ಮಾತ್ರ ಹಿಂದಿನ ಹಾಗೆಯೇ! ಬೈಕು ಜಾರುತ್ತದೆ, ಕಾರು ಹೂತುಕೊಳ್ಳುತ್ತದೆ. ಹಾಲಿನ ಕ್ಯಾನು ತಲೆ ಮೇಲೆಯೇ ಬರಬೇಕು. ಆ ನೆಪ ಹೇಳಿಕೊಂಡು ಮೈದುನ ಒಂದು ಗಾಡಿ ತರಿಸಿದ. ಆರು ಚಕ್ರ, ಬಾತುಕೋಳಿಯ ಹೊಟ್ಟೆಯಂಥ ಅಡಿ, ಬಾಗಿಲೇ ಇಲ್ಲ. “ಅತ್ತಿಗೆ, ಇದು ಕೆಸರಲ್ಲೂ ಹೋಗುತ್ತೆ, ನೀರಲ್ಲೂ ತೇಲುತ್ತೆ. ಮೊದಲ ಸವಾರಿಗೆ ನೀವು ಬರಲೇಬೇಕು” ಅಂತ ಫೋನು ಮಾಡಿದ. ಹೋದೆ. ಡಬ್ಬಿ ತುಂಬ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಶುಂಠಿ ಕಷಾಯ, ಮಾಮೂಲು.

ಇದೇನು ಗಾಡಿ?

ನೆಲ-ನೀರು ಎರಡರಲ್ಲೂ ಓಡುವ ಗಾಡಿ ಹೊಸ ಕಲ್ಪನೆಯೇನಲ್ಲ. ಎರಡನೆಯ ಮಹಾಯುದ್ಧದಲ್ಲೇ ಅಮೆರಿಕದ ಸೈನ್ಯ ನೀರಿಗಿಳಿಯುವ ಲಾರಿಗಳನ್ನು ಬಳಸಿತ್ತು. ಆದರೆ ಬಲೂನಿನಂಥ ಟೈರು ಹಾಕಿದ ಈ ಪುಟ್ಟ ಗಾಡಿಗಳ ವಂಶ ಶುರುವಾದದ್ದು 1960ರ ದಶಕದಲ್ಲಿ, ಕೆನಡಾ ದೇಶದಲ್ಲಿ. ಜೌಗು, ಹಿಮ, ಸರೋವರಗಳ ಆ ದೇಶದಲ್ಲಿ ಬೇಟೆಗಾರರಿಗೂ ಮೀನುಗಾರರಿಗೂ ಇಂಥದೊಂದು ಬೇಕಿತ್ತು. ಅಲ್ಲಿನ ‘ಆರ್ಗೋ’ ಗಾಡಿ 1967ರಿಂದ ಬಂದದ್ದು. ನಮ್ಮ ದೇಶದ ಸೈನ್ಯದಲ್ಲೂ ಈಗ ಇದರ ದೊಡ್ಡಣ್ಣನಂಥ ‘ಏಟರ್’ ಗಾಡಿಗಳಿವೆ. 2025ರ ಆಗಸ್ಟಿನಲ್ಲಿ ಪಂಜಾಬಿನಲ್ಲಿ ನೆರೆ ಬಂದಾಗ ಅಮೃತಸರದ ಕಡೆಯ ಹಳ್ಳಿಗಳಿಂದ ಜನರನ್ನು ಹೊರಗೆ ತರಲು ಅವು ಹೋಗಿದ್ದವು.

ಇದು ಕೆಸರಿನಲ್ಲಿ ಹೂತುಕೊಳ್ಳದಿರುವ ಗುಟ್ಟು ಎಂಜಿನ್ನಿನ ಬಲದಲ್ಲಿದೆ ಅಂತ ನಾನು ತಿಳಿದಿದ್ದೆ. ತಪ್ಪು! ಗುಟ್ಟು ಇರುವುದು ಭಾರ ಹರಡುವುದರಲ್ಲಿ. ಕಾರಿನ ಟೈರಿಗೆ 30 ಪೌಂಡಿನ ಸುಮಾರಿಗೆ ಗಾಳಿ ತುಂಬಿಸುತ್ತೇವಲ್ಲ, ಇದಕ್ಕೆ ಬರೀ ಮೂರರಿಂದ ಐದು ಪೌಂಡು. ಅಗಲವಾದ ಆರು ಟೈರುಗಳು ನೆಲದ ಮೇಲೆ ಚಪ್ಪಟೆಯಾಗಿ ಕೂತು ಭಾರವನ್ನು ಹಂಚಿಕೊಳ್ಳುತ್ತವೆ. ಹಸಿ ಹಿಟ್ಟಿಗೆ ಬೆರಳು ಒತ್ತಿದರೆ ಕುಣಿ ಬೀಳುತ್ತದೆ, ಅಂಗೈ ಇಟ್ಟರೆ ಬೀಳುವುದಿಲ್ಲ. ಅಷ್ಟೇ ಲೆಕ್ಕ.

ಇನ್ನು ತಿರುಗುವುದು. ಕಾರಿನ ಹಾಗೆ ಮುಂದಿನ ಚಕ್ರ ಓರೆಯಾಗುವುದಿಲ್ಲ. ಎಡಗಡೆಯ ಮೂರು ಚಕ್ರಕ್ಕೆ ಬ್ರೇಕು ಬಿದ್ದರೆ ಬಲಗಡೆಯವು ಓಡಿ, ಗಾಡಿ ಎಡಕ್ಕೆ ತಿರುಗುತ್ತದೆ. ನೀರಿನಲ್ಲಿ ಹುಟ್ಟೂ ಇಲ್ಲ, ರೆಕ್ಕೆಯೂ ಇಲ್ಲ. ಟೈರಿನ ಹಲ್ಲುಗಳೇ ನೀರನ್ನು ಹಿಂದಕ್ಕೆ ತಳ್ಳಬೇಕು. ಹಾಗಾಗಿ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರು, ನಾವು ಸಂತೆಗೆ ನಡೆದು ಹೋಗುವಷ್ಟು!

ಹೊರಟಿತು ಸವಾರಿ

ಗಾಡಿ ಓಡಿಸಲು ಕೂತವಳು ನನ್ನ ಓರಗಿತ್ತಿ. ಕಲಿತವಳು ಅವಳೇ. ಮೈದುನ ಪಕ್ಕದಲ್ಲಿ, ನಾನು ಹಿಂದೆ. ಹತ್ತು ವರ್ಷದ ಅವರ ಮಗ “ನಾನೂ ಬರ್ತೀನಿ” ಅಂತ ಒಂದೇ ಸಮನೆ ರಂಪ. ಓರಗಿತ್ತಿ ಒಪ್ಪಲೇ ಇಲ್ಲ. “ತೇಲೋ ಜಾಕೆಟ್ಟು ಇರೋದು ಮೂರೇ. ಜಾಕೆಟ್ಟಿಲ್ಲದೆ ಯಾರೂ ಹತ್ತೋ ಹಾಗಿಲ್ಲ, ಅಷ್ಟೇ!” ಹುಡುಗ ಮುಖ ಊದಿಸಿಕೊಂಡು ತೋಟ ನೋಡಿಕೊಳ್ಳುವ ಅಜ್ಜಿಯ ಪಕ್ಕ ಕೂತ. ‘ಪಾಪ, ಮಗು, ಒಂದು ಸುತ್ತು ಕರೆದುಕೊಂಡು ಹೋದರೆ ಏನಾಗುತ್ತಿತ್ತು’ ಅಂತ ನನಗೂ ಅನ್ನಿಸಿತು. ನಿಜ ಹೇಳುತ್ತಿದ್ದೇನೆ.

ತೋಟದ ದಾರಿ ಪೂರ್ತಿ ಪಾಯಸ. ಗಾಡಿ ಒಂದು ಸಲ ಎಡಕ್ಕೆ ವಾಲಿತು, ಒಂದು ಸಲ ಬಲಕ್ಕೆ. ಒಂದು ಕಡೆ ಚಕ್ರ ಗಿರ್ರೆಂದು ತಿರುಗಿ ನಿಂತಲ್ಲೇ ನಿಂತಿತು. ಮೈದುನ “ಒತ್ತು, ಇನ್ನೂ ಒತ್ತು!” ಅಂದ. ಅವಳು ಒತ್ತಲಿಲ್ಲ. ಕೈ ಬಿಟ್ಟು, ಒಂದು ಕ್ಷಣ ಸುಮ್ಮನೆ ಕೂತು, ಬಂದ ಜಾಡಿನಲ್ಲೇ ಎರಡು ಮಾರು ಹಿಂದಕ್ಕೆ ತಂದು, ನಿಧಾನವಾಗಿ ಪಕ್ಕಕ್ಕೆ ಸರಿಸಿ ದಾಟಿಸಿದಳು. ಸಿಕ್ಕಿಕೊಂಡಾಗ ಚಕ್ರ ತಿರುಗಿಸಿದಷ್ಟೂ ಗುಂಡಿ ಆಳವಾಗುತ್ತದೆ. ಇದು ನಿಮ್ಮ ಸ್ಕೂಟರಿಗೂ ಅನ್ವಯಿಸುವ ಮಾತು!

ತೋಟದ ಹಿಂದೆ ಅವರದೇ ಒಂದು ಹಳೆಯ ಕುಂಟೆ. ನಡುವೆ ಎದೆಮಟ್ಟದ ನೀರು. ದಡ ಇಳಿದೆವು. ಚಕ್ರ ನೆಲ ಬಿಟ್ಟ ಕ್ಷಣ ಹೊಟ್ಟೆಯಲ್ಲಿ ಏನೋ ತೇಲಿದ ಹಾಗಾಯಿತು, ಆಮೇಲೆ ನಿಶ್ಶಬ್ದ. ಗಾಡಿ ತೇಲಿತು! ಬದುಕಿನಲ್ಲಿ ಮೊದಲ ಸಲ ಜೀಪಿನಂಥದೊಂದರಲ್ಲಿ ಕೂತು ತಾವರೆ ಎಲೆ ಮುಟ್ಟಿದೆ. ದಡದಲ್ಲಿದ್ದ ಹುಡುಗ ಸಿಟ್ಟು ಮರೆತು ಚಪ್ಪಾಳೆ ಹೊಡೆದ.

ಎರಡು ಮೂರು ನಿಮಿಷ ಆಗಿರಬೇಕು. ನನ್ನ ಪಾದ ತಣ್ಣಗಾಯಿತು. ಮೇಲಿಂದ ಸಿಡಿದ ನೀರಿರಬೇಕು ಅಂದುಕೊಂಡೆ. ನೋಡುತ್ತೇನೆ, ಚಿತ್ರಾನ್ನದ ಡಬ್ಬಿ ತೇಲುತ್ತಿದೆ! “ಅಯ್ಯೋ, ಒಳಗೆ ನೀರು!” ಅಂದೆ. ಗಾಡಿ ಹಿಂಭಾರವಾಗಿ ಜಗ್ಗುತ್ತಿತ್ತು. ಮೈದುನ ಎದ್ದು ನಿಲ್ಲಲು ಹೋದ. “ಏಳಬೇಡಿ, ಕೂತ್ಕೊಳ್ಳಿ!” ಅಂತ ಓರಗಿತ್ತಿ ಗದರಿದಳು. ನೀರೆತ್ತುವ ಪಂಪಿನ ಗುಂಡಿ ಒತ್ತಿ, ಗಾಬರಿಯಾಗದೆ ಅಗಲವಾಗಿ ತಿರುಗಿಸಿ ದಡಕ್ಕೆ ಬಿಟ್ಟಳು. ಚಕ್ರ ನೆಲ ಮುಟ್ಟಿದಾಗ ಮನೆದೇವರನ್ನು ನೆನೆದುಕೊಂಡೆ.

ಅಜ್ಜಿ ಎದ್ದು ಬಂದಳು. “ಬೆಳಿಗ್ಗೆ ತೊಳೆದಾಗ ಅಡಿಯಾಗಿಂದ ನೀರು ಸುರೀತಿತ್ತಲ್ಲಪ್ಪಾ, ಆ ತೂತು ಮುಚ್ಚಿದ್ಯಾ?”

ಮೈದುನ ಮಾತಾಡಲಿಲ್ಲ. ಷರಟಿನ ಜೇಬಿನಿಂದ ಬಿರಡೆ ಹೊರಗೆ ಬಂತು!

ಒಂದಂಗುಲದ ತೂತಿನ ಲೆಕ್ಕ

ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆವು. ಗಾಡಿ, ನಾವು ಮೂವರು, ಸಾಮಾನು ಎಲ್ಲ ಸೇರಿ 700 ಕಿಲೋ ಅಂತಿಟ್ಟುಕೊಳ್ಳಿ. ತೇಲಬೇಕಾದರೆ 700 ಲೀಟರು ನೀರನ್ನು ಪಕ್ಕಕ್ಕೆ ಸರಿಸಬೇಕು. ಅಂದರೆ ನಾವು ಮನೆಗೆ ತರಿಸುವ 20 ಲೀಟರಿನ ಕುಡಿಯುವ ನೀರಿನ ಕ್ಯಾನು 35. ಈಗ ಅಡಿಯಲ್ಲಿ ಒಂದಂಗುಲದ ತೂತು, ಅದು ನೀರಿನ ಮಟ್ಟದಿಂದ ಒಂದಡಿ ಕೆಳಗೆ ಇದೆ ಅನ್ನಿ. ಸುಮಾರು ಅರ್ಧ ನಿಮಿಷಕ್ಕೆ ಒಂದು ಕ್ಯಾನು ನೀರು ಒಳಗೆ ಬರುತ್ತದೆ! ಮೂರು ನಿಮಿಷಕ್ಕೆ ಆರು ಕ್ಯಾನು, 120 ಕಿಲೋ. ಇಬ್ಬರು ದೊಡ್ಡವರು ಕೇಳದೆ ಬಂದು ಹತ್ತಿದ ಹಾಗೆ. ಅದೂ ಸುಮ್ಮನೆ ಕೂರುವ ಭಾರವಲ್ಲ, ಗಾಡಿ ವಾಲಿದ ಕಡೆಗೇ ಓಡುವ ಭಾರ. ಆ ಹೊತ್ತಿನಲ್ಲಿ ಜಾಕೆಟ್ಟಿಲ್ಲದ ಮಗುವೊಂದು ಒಳಗಿದ್ದಿದ್ದರೆ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನೆರೆ ಬಂದರೆ?

ಗಾಡಿ ತಂದ ದಿನ ಮೈದುನ ಹೇಳಿದ್ದ: “ಮತ್ತೆ 2022ರ ಹಾಗೆ ಮಳೆ ಬಂದರೆ ಊರನ್ನೆಲ್ಲ ನಾನೇ ದಾಟಿಸ್ತೀನಿ.” ಆ ವರ್ಷದ ಸೆಪ್ಟೆಂಬರ್ ಮೊದಲ ವಾರ ನಿಮಗೂ ನೆನಪಿರಬಹುದು. ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರಿನ ಬಡಾವಣೆಗಳಿಗೆ ನೀರು ನುಗ್ಗಿ, ಕಂಪ್ಯೂಟರ್ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು, ದೋಣಿಗಳು ಬೀದಿಗೆ ಬಂದವು.

ಆದರೆ ಕುಂಟೆಯ ನಿಂತ ನೀರು ಬೇರೆ, ಹರಿಯುವ ನೀರು ಬೇರೆ. ರಭಸವಾಗಿ ಹರಿಯುವ ನೀರು ಅರ್ಧ ಅಡಿಯಿದ್ದರೂ ನಡೆಯುವವರ ಕಾಲು ಕೀಳಬಹುದು. ಒಂದಡಿ ಇದ್ದರೆ ಚಿಕ್ಕ ಕಾರು ತೇಲಬಹುದು, ಎರಡಡಿಗೆ ದೊಡ್ಡ ಕಾರೂ ಕೊಚ್ಚಿಹೋಗಬಹುದು. ತೇಲುವ ಗಾಡಿಯೂ ಇದಕ್ಕೆ ಹೊರತಲ್ಲ. ನಾಲ್ಕೈದು ಕಿಲೋಮೀಟರ್ ವೇಗದ ಗಾಡಿ ಅದಕ್ಕಿಂತ ಜೋರಾಗಿ ಓಡುವ ನೀರನ್ನು ಎದುರಿಸಲಾರದು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ, ಕಾರಿನಲ್ಲಿದ್ದ ಒಬ್ಬ ಯುವತಿ ಪ್ರಾಣ ಕಳೆದುಕೊಂಡಳು. ಅವಳ ಜತೆಯಲ್ಲಿ ಮನೆಯವರೂ ಇದ್ದರು. ‘ಸ್ವಲ್ಪ ನೀರು ತಾನೇ, ದಾಟಿಬಿಡೋಣ’ ಅಂತ ಗಾಡಿಯಲ್ಲಿ ಯಾರಾದರೂ ಅಂದರೆ, “ಬೇಡ, ಹಿಂದಕ್ಕೆ ತಿರುಗಿಸಿ” ಅನ್ನುವ ಧೈರ್ಯ ನಮಗಿರಬೇಕು. ಮನೆ ಗಂಡಸರ ಮುಖ ಸಣ್ಣದಾದರೆ ಆಗಲಿ!

ನೀವೂ ಹೊರಡುವಿರಾದರೆ

ಈಗ ಇಂಥ ಗಾಡಿಗಳಲ್ಲಿ ದುಡ್ಡು ಕೊಟ್ಟು ಸವಾರಿ ಮಾಡಿಸುವ ರೆಸಾರ್ಟುಗಳೂ ಇವೆ. ರಜೆಯಲ್ಲಿ ಮಕ್ಕಳು ಹಟ ಹಿಡಿಯುವುದು ಖಂಡಿತ. ಹೊರಡುವ ಮುನ್ನ ಇಷ್ಟು ನೋಡಿಕೊಳ್ಳಿ:

• ತೇಲುವ ಜಾಕೆಟ್ಟು ಎಷ್ಟಿದೆಯೋ ಅಷ್ಟೇ ಜನ. ಮಕ್ಕಳಿಗೆ ಅವರ ಅಳತೆಯದೇ ಬೇಕು. ದೊಡ್ಡವರದು ತೋಳಿನಿಂದ ಜಾರಿಬಿಡುತ್ತದೆ.

• ಗಾಡಿಯ ಮೇಲೆ ಎರಡು ತೂಕ ಬರೆದಿರುತ್ತದೆ, ನೆಲಕ್ಕೊಂದು, ನೀರಿಗೊಂದು. ನೀರಿನದು ಕಡಿಮೆ. ಅದನ್ನೇ ಪಾಲಿಸಿ.

• ಸೀರೆ, ದುಪಟ್ಟಾ ಬೇಡ. ಚಕ್ರಕ್ಕೆ ಸಿಕ್ಕಿದರೆ ಕಷ್ಟ. ಸಲ್ವಾರು, ಕಟ್ಟಿದ ಜಡೆ, ಹಿಮ್ಮಡಿ ಹಿಡಿಯುವ ಪಾದರಕ್ಷೆ ಸರಿ.

• ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ರಸ್ತೆಯ ನೋಂದಣಿ ಇರುವುದಿಲ್ಲ. ಸ್ವಂತ ಜಮೀನು ದಾಟಿದರೆ ಟ್ರೇಲರ್ ಮೇಲೆಯೇ ಒಯ್ಯಬೇಕು.

• ಊರ ಕೆರೆಯಂಗಳಕ್ಕೆ ಇಳಿಸಬೇಡಿ. ಗಾಡಿ ತಿರುಗಿದಾಗಲೆಲ್ಲ ಟೈರು ಪಕ್ಕಕ್ಕೆ ಎಳೆದು ನೆಲ ಉತ್ತ ಹಾಗಾಗುತ್ತದೆ. ಅಲ್ಲಿ ದನ ಮೇಯುತ್ತವೆ, ನೀರುಹಕ್ಕಿ ಮೊಟ್ಟೆ ಇಡುತ್ತದೆ. ಬನ್ನೇರುಘಟ್ಟದ ಕಾಡಿನ ಅಂಚಂತೂ ಬೇಡವೇ ಬೇಡ. ಅದು ಆನೆಗಳ ಮನೆ.

• ಕಾಲಿನಲ್ಲಿ ಗಾಯವಿದ್ದರೆ ಕೆಸರು ನೀರಿಗೆ ಇಳಿಯಬೇಡಿ. ಇಲಿಜ್ವರದ ಕ್ರಿಮಿ ಗಾಯದ ಮೂಲಕ ಒಳಹೊಗುತ್ತದೆ. ಬಂದ ಕೂಡಲೇ ಸೋಪು ಹಾಕಿ ತೊಳೆಯಿರಿ. ಎರಡು-ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ಕೆಸರಿಗೆ ಇಳಿದಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

• ಬಟ್ಟೆಯ ಕೆಸರನ್ನು ಹಸಿಯಾಗಿ ಉಜ್ಜಬೇಡಿ. ಒಣಗಿಸಿ, ಕೊಡವಿ, ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸೋಪು. ಬಿಳಿ ಹತ್ತಿ ಬಟ್ಟೆಯಲ್ಲಿ ಕೆಂಪು ಮಣ್ಣಿನ ಕಲೆ ಉಳಿದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ. ಬ್ಲೀಚು ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ.

ಮುಂದಿನ ಭಾನುವಾರ ಮತ್ತೆ ಹೋದೆ. ಓರಗಿತ್ತಿ ಒಂದು ಉಪಾಯ ಮಾಡಿದ್ದಳು. ಗಾಡಿ ತೊಳೆದು ಬಿರಡೆ ತೆಗೆದರೆ ಅದನ್ನು ಗಾಡಿಯ ಕೀಲಿಯ ಜತೆಗೇ ಕೆಂಪು ದಾರದಲ್ಲಿ ಕಟ್ಟಿ, ಅಡುಗೆಮನೆಯ ಮೊಳೆಗೆ ನೇತುಹಾಕಬೇಕು. ಕೀಲಿ ಬೇಕಾದವರ ಕೈಗೆ ಬಿರಡೆಯೂ ಬಂದೇ ಬರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ಟು ನೋಡದೆ ನಾವು ಒಲೆ ಹಚ್ಚುತ್ತೇವೆಯೇ? ಹಾಗೆಯೇ ಇದೂ. ಜಾಕೆಟ್ಟು ನಾಲ್ಕಾಗಿತ್ತು, ನಾಲ್ಕನೆಯದು ಚಿಕ್ಕದು.

ಹುಡುಗ ಅದನ್ನು ತೊಟ್ಟುಕೊಂಡು ಗಾಡಿಯ ಹತ್ತಿರ ಬಂದ. ಹತ್ತುವ ಮೊದಲು ಬಗ್ಗಿ ಅಡಿಯನ್ನು ನೋಡಿ, “ಬಿರಡೆ ಇದೆ ದೊಡ್ಡಮ್ಮ, ಬನ್ನಿ” ಅಂದ. ಅಜ್ಜಿ ದಡದಲ್ಲಿ ಕೂತು ನಗುತ್ತಿದ್ದಳು.